ಡಿಫ್ ಪಂಡಿತರು

ಡಿಫ್ ಪಂಡಿತರು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ತಂಡಕ್ಕೊಬ್ಬರಂತೆ ಸಿಗುತ್ತಾರೆ. ಒಂದು ಫೈಲಿನ ಹಳೆಯ ಪ್ರತಿಗೂ ಹೊಸ ಪ್ರತಿಗೂ ಏನು ವ್ಯತ್ಯಾಸ ಎಂಬುದು ಅವರಿಗೆ ಆಮೇಲಿನ ಮಾತು. ಆ ವ್ಯತ್ಯಾಸವನ್ನು ಯಾವ ರೂಪದಲ್ಲಿ ತೋರಿಸಬೇಕೆಂಬುದು ಇತ್ಯರ್ಥವಾಗುವವರೆಗೆ ಒಂದಕ್ಷರವನ್ನೂ ಓದುವುದಿಲ್ಲ.

ಇವರಲ್ಲಿ ತೀರಾ ಹಿರಿಯರಿಗೆ ಮೂಲ ರೂಪವೊಂದೇ ಶುದ್ಧ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ, ವ್ಯತ್ಯಾಸ ತೋರಿಸುವ ಡಿಫ್ ಎಂಬ ಪ್ರೋಗ್ರಾಂ, ಮೂರನೆಯ ಸಾಲು ಬದಲಾಗಿದ್ದರೆ ‘3ಸಿ3’ ಎಂದಷ್ಟೇ ಗೊಣಗಿ, ಹಳೆಯ ಸಾಲಿಗೊಂದು ಎಡಬಾಣ, ಹೊಸದಕ್ಕೊಂದು ಬಲಬಾಣ ಹಚ್ಚಿ ಸುಮ್ಮನಾಗುತ್ತದೆ. ಅಕ್ಕಪಕ್ಕ ಏನಿತ್ತೆಂದು ಹೇಳುವುದಿಲ್ಲ.

ಹೆಚ್ಚಿನವರು ಯೂನಿಫೈಡ್ ಪಂಗಡದವರು. ಯೂನಿಫೈಡ್ ರೂಪಕ್ಕೂ ಮುಂಚಿನ ಕಾಂಟೆಕ್ಸ್ಟ್ ರೂಪ ಬದಲಾದ ಭಾಗವನ್ನು ಹಳೆಯದೊಮ್ಮೆ, ಹೊಸದೊಮ್ಮೆ ಬೇರೆಬೇರೆಯಾಗಿ ತೋರಿಸುತ್ತಿತ್ತು. 1990ರಲ್ಲಿ ವೇಯ್ನ್ ಡೇವಿಸನ್ ಎರಡನ್ನೂ ಹೆಣೆದು ಒಂದು ಮಾಡಿದರು: ತೆಗೆದ ಸಾಲಿಗೆ ಮೈನಸ್, ಸೇರಿಸಿದ್ದಕ್ಕೆ ಪ್ಲಸ್, ಮೇಲೆ ಕೆಳಗೆ ಬದಲಾಗದ ಮೂರು ಮೂರು ಸಾಲು. ಸಾಲುಸಂಖ್ಯೆ ಹಿಂದುಮುಂದಾಗಿದ್ದರೂ ಲ್ಯಾರಿ ವಾಲ್ ಬರೆದ ಪ್ಯಾಚ್ ಎಂಬ ಪ್ರೋಗ್ರಾಂ ಈ ಸಾಲುಗಳ ಗುರುತು ಹಿಡಿದು ತಿದ್ದುಪಡಿಯನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ಪಂಡಿತರು ಇದನ್ನು ಕ್ಯಾಂಟೀನಿನಲ್ಲಿ, ಚಿತ್ರಾನ್ನ ಆರಿಹೋಗುವವರೆಗೆ, ಕೇಳದವರಿಗೂ ವಿವರಿಸುತ್ತಾರೆ.

ಹೊಸಬ ಯಾರಾದರೂ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಕಳಿಸಿದರೆ, “ಏನಪ್ಪಾ ಇದು, ಮದುವೆ ಕರೆಯೋಲೆನಾ? ವಧು ಈ ಕಡೆ, ವರ ಆ ಕಡೆ?” ಎನ್ನುತ್ತಾರೆ. ಕೊಂಕಿನಲ್ಲಿ ಸತ್ಯವೂ ಇದೆ. ಗ್ನೂ ಡಿಫ್ ತಾನಾಗಿ ಕೊಡುವ 130 ಕಾಲಮ್ಮಿನ ಅಗಲದಲ್ಲಿ ಎರಡೂ ಹಿಡಿಸಬೇಕಾದ್ದರಿಂದ ಉದ್ದ ಸಾಲಿನ ಬಾಲ ಕತ್ತರಿಸಿಹೋಗುತ್ತದೆ. ತಿದ್ದಿದ್ದು ಸಾಮಾನ್ಯವಾಗಿ ಆ ಬಾಲದಲ್ಲೇ ಇರುತ್ತದೆ.

ಪಂಡಿತರಿಂದ ಹೆಚ್ಚು ನೋಯುವವರು ಕೈಪಿಡಿ ಬರೆಯುವವರು. ಗದ್ಯದಲ್ಲಿ ಇಡೀ ಪ್ಯಾರಾ ಒಂದೇ ಸಾಲು. ಒಂದು ಅಲ್ಪವಿರಾಮ ಸೇರಿಸಿದರೂ ಪ್ಯಾರಾ ಪೂರ್ತಿ ಕೆಂಪಾಗಿ ಸತ್ತು ಹಸಿರಾಗಿ ಹುಟ್ಟುತ್ತದೆ. ಫೈಲುಗಳ ಹಳೆ ಹೊಸ ಪ್ರತಿಗಳನ್ನು ಕಾದಿಡುವ ಗಿಟ್‌ನಲ್ಲಿ ಪದ ಪದವಾಗಿ ತೋರಿಸುವ ಅನುಕೂಲವಿದೆ, ಗದ್ಯಕ್ಕೆ ಅದೇ ಸರಿ. ಪಂಡಿತರು ಒಪ್ಪುವುದಿಲ್ಲ. ಪ್ಯಾಚ್‌ಗೆ ಉಣಿಸಲಾಗದ್ದು ಅವರ ಲೆಕ್ಕದಲ್ಲಿ ಡಿಫ್ಫೇ ಅಲ್ಲ. ಓದುವವರು ಮನುಷ್ಯರು ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಅವರ ನಿಜವಾದ ವೈಭವ ಕನ್ನಡ ಫೈಲು ಬಂದಾಗ. ಮೈನಸ್ ಸಾಲೂ ಪ್ಲಸ್ ಸಾಲೂ ಕಣ್ಣಿಗೆ ಒಂದೇ; ತಂಡವೆಲ್ಲ ಪರದೆಗೆ ಮೂಗು ತಾಗಿಸಿ ಹುಡುಕುತ್ತದೆ. ಪದದ ಕೊನೆಯ ಅರ್ಧಾಕ್ಷರದ ಹಿಂದೆ ಅಡಗಿದ, ಅಗಲವೇ ಇಲ್ಲದ ಯುನಿಕೋಡ್ ಅಕ್ಷರವನ್ನು ಪಂಡಿತರು ಹಿಡಿದು ತೋರಿಸುತ್ತಾರೆ. ಆ ವಾರ ಅವರನ್ನು ಮಾತಾಡಿಸುವುದು ಕಷ್ಟ.

ಕೊನೆಗೆ ಪ್ಲಸ್ಸು ಮೈನಸ್ಸುಗಳೆಲ್ಲ ಶಿಸ್ತಾಗಿ ನಿಂತ ಮೇಲೆ ಪಂಡಿತರು ‘ಸರಿಯಿದೆ’ ಎಂದು ಒಪ್ಪಿಗೆ ಕೊಡುತ್ತಾರೆ. ಪ್ಲಸ್ ಸಾಲಿನಲ್ಲಿ ಸೊನ್ನೆಯಿಂದ ಭಾಗಿಸಿರುವುದು ಸೋಮವಾರ ಗಿರಾಕಿ ಫೋನ್ ಮಾಡಿದಾಗ ಗೊತ್ತಾಗುತ್ತದೆ. ಆ ತಿದ್ದುಪಡಿಯೂ ಯೂನಿಫೈಡ್ ರೂಪದಲ್ಲೇ ಬರಬೇಕು.