ಭಾವನ ಬ್ಯಾರನ್

“ನಿಮ್ಮ ಭಾವಂದು ಮನೇಲಿ ಸ್ಮೋಕರ್ ಆಗೋಗಿದೆ ಕಣೋ” ಎಂದು ಅಕ್ಕ ಟೆಕ್ಸಾಸ್‌ನಿಂದ ಫೋನಿನಲ್ಲಿ ಹೇಳಿದ್ದು, ಅಷ್ಟು ದೂರದಿಂದ ಬರುವಾಗ ಸವೆದು, ಅವ್ವನ ಕಿವಿಗೆ “ಭಾವ ಸ್ಮೋಕರ್ ಆಗೋದರು” ಎಂದು ತಲುಪಿತು. “ಹೊಗೆಸೊಪ್ಪು ಬೆಳೆಯೋ ಮನೇಲಿ ಹುಟ್ಟಿ ಒಂದು ಬೀಡಿ ಮುಟ್ಟದ ಹುಡುಗ! ಅಮೆರಿಕ ಕೆಡಿಸಿಬಿಡ್ತಲ್ಲಪ್ಪ” ಎಂದು ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ವಾಟ್ಸಾಪ್‌ನಲ್ಲಿ ಫೋಟೊ ಬಂತು. ಹಿತ್ತಲಲ್ಲಿ ಒಂದು ಕಬ್ಬಿಣದ ಡ್ರಮ್ಮು. ಪಕ್ಕದಲ್ಲಿ ಗಂಡುಮಗು ಹುಟ್ಟಿದವರ ಹಾಗೆ ನಗುತ್ತ ನಿಂತ ಭಾವ. “ಓ, ನೀರು ಕಾಯಿಸೋದಾ” ಎಂದು ಅವ್ವ ಎರಡು ಮುದ್ದೆ ಉಂಡು ಮಲಗಿದಳು.

ಅದು ನೀರು ಕಾಯಿಸುವುದಲ್ಲ, ಮಾಂಸವನ್ನು ಹೊಗೆಯಲ್ಲಿ ಬೇಯಿಸುವುದು. 55 ಗ್ಯಾಲನ್ನಿನ, ಅಂದರೆ ಸುಮಾರು 208 ಲೀಟರ್ ಹಿಡಿಯುವ ಡ್ರಮ್ಮು. ತಳದಲ್ಲಿ ಇದ್ದಿಲಿನ ಬುಟ್ಟಿ, ಅದರಿಂದ ಎರಡಡಿ ಮೇಲೆ ಜಾಲರಿ, ಬುಡದಲ್ಲಿ ಗಾಳಿಗೆ ತೂತು, ಮುಚ್ಚಳದಲ್ಲಿ ಹೊಗೆಗೆ ತೂತು. ಮನೆಯಲ್ಲೇ ಮಾಡಿಕೊಳ್ಳುವ ಈ ಒಲೆಗೆ ಅಮೆರಿಕದವರು ಮುಚ್ಚುಮರೆಯಿಲ್ಲದೆ ‘ಅಗ್ಲಿ ಡ್ರಮ್ ಸ್ಮೋಕರ್’ ಎಂದೇ ಹೆಸರಿಟ್ಟಿದ್ದಾರೆ. ಕುರೂಪಿ ಡ್ರಮ್ಮು. ಆ ಹೆಸರನ್ನು ಉಳಿಸಿಕೊಳ್ಳಲು ಭಾವ ವಿಶೇಷ ಶ್ರಮ ಪಟ್ಟಂತೆ ಕಾಣಲಿಲ್ಲ.

ಡ್ರಮ್ಮು ಕೊರೆದು ಮುಗಿಸಲು ಹಿಡಿದದ್ದು ಒಂದು ಶನಿವಾರ, ಒಂದು ಭಾನುವಾರ. ಅದರ ಬೆಂಕಿ ಕಾಯುವ ಕಂಟ್ರೋಲರ್ ಆರಿಸಲು ಹಿಡಿದದ್ದು ಎಂಟು ತಿಂಗಳು.

ಏಕೆ ಬೇಕು ಅದು? ಈ ಅಡುಗೆಗೆ 225 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು. ಸೆಲ್ಸಿಯಸ್‌ನಲ್ಲಿ ಹೇಳಿದರೆ 107. ಒಂದೆರಡು ಗಂಟೆಯಲ್ಲ, ಹನ್ನೆರಡು ಹದಿನಾಲ್ಕು ಗಂಟೆ. ಗಾಳಿ ಹೆಚ್ಚಾದರೆ ಮಾಂಸ ಕರಕಲು, ಕಡಿಮೆಯಾದರೆ ಇದ್ದಿಲೇ ನಂದಿಹೋಗುತ್ತದೆ. ಒಬ್ಬರು ರಾತ್ರಿಯಿಡೀ ಪಕ್ಕದಲ್ಲಿ ಕೂತು ತೂತು ಮುಚ್ಚುತ್ತ ತೆರೆಯುತ್ತ ಇರಬೇಕು. ಈ ಕೆಲಸವನ್ನು ಅಂಗೈಯಗಲದ ಒಂದು ಪೆಟ್ಟಿಗೆ ಮಾಡುತ್ತದೆ. ಒಳಗಿಟ್ಟ ಪ್ರೋಬಿನಿಂದ ಶಾಖ ತಿಳಿದುಕೊಂಡು, ಇಳಿದಾಗ ಬುಡದಲ್ಲಿ ಕೂರಿಸಿದ 12 ವೋಲ್ಟಿನ ಪುಟ್ಟ ಫ್ಯಾನು ತಿರುಗಿಸುತ್ತದೆ, ಏರಿದಾಗ ನಿಲ್ಲಿಸುತ್ತದೆ. ತಾನೇ ನೋಡಿ ತಾನೇ ಊದುವ ಊದುಗೊಳವೆ ಅನ್ನಿ. ಇದರ ಉದ್ದೇಶ ಒಂದೇ: ಯಜಮಾನ ಮಲಗಲಿ ಅಂತ.

ನಾನು ಆಸ್ಟಿನ್ ಪಕ್ಕದ ರೌಂಡ್ ರಾಕಿಗೆ ಹೋಗಿ ಇಳಿದಾಗ ಭಾವ ಆರಿಸುವ ಕೆಲಸದ ಏಳನೆಯ ತಿಂಗಳಿನಲ್ಲಿದ್ದರು. ನಾನು ಸೂಟ್‌ಕೇಸ್ ಇಳಿಸುವ ಮೊದಲೇ ಲ್ಯಾಪ್‌ಟಾಪಿನಲ್ಲಿ ಕೋಷ್ಟಕ ತೋರಿಸಿದರು. ಅಡ್ಡ ಹನ್ನೊಂದು ಕಂಟ್ರೋಲರು, ಉದ್ದ ಮೂವತ್ತೊಂದು ಕಾಲಮ್ಮು. ಒಂದರ ಹೆಸರು ‘ಬಿಬಿಕ್ಯು ಗುರು’, ಇನ್ನೊಂದು ‘ಫ್ಲೇಮ್ ಬಾಸ್’. “ಆಫೀಸಿನಲ್ಲಿ ಒಬ್ಬ ಬಾಸ್ ಇದ್ದಾನಲ್ಲ ಭಾವ, ಗುರುವನ್ನೇ ಹಿಡೀರಿ” ಅಂದೆ. ಭಾವ ನಗಲಿಲ್ಲ. “ಹಾಗೆ ಆರಿಸೋಕಾಗಲ್ಲ. ಮೊದಲು ಸಿಎಫ್ಎಂ ನೋಡಬೇಕು” ಅಂದರು. ಫ್ಯಾನು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ತಳ್ಳುತ್ತದೆ ಎಂಬ ಲೆಕ್ಕ ಅದು. ಐದು ಸಾಕೋ, ಹತ್ತು ಬೇಕೋ? ಇಪ್ಪತ್ತೈದಾದರೆ ಡ್ರಮ್ಮು ಕುಲುಮೆಯಾಗುತ್ತದಲ್ಲ? ಇದರ ಮೇಲೆಯೇ ಎರಡು ತಿಂಗಳು ಹೋಗಿತ್ತು. ಪ್ರೋಬು ಥರ್ಮಿಸ್ಟರೋ ಥರ್ಮೊಕಪಲ್ಲೋ ಎಂಬುದಕ್ಕೆ ಯುಗಾದಿಯಿಂದ ಗಣೇಶನ ಹಬ್ಬದವರೆಗೆ. ಕೊಂಡುತರುವುದೋ, ರಾಸ್ಪ್‌ಬೆರಿ ಪೈ ಹಾಕಿ ‘ಹೀಟರ್‌ಮೀಟರ್’ ಎಂಬುದನ್ನು ತಾವೇ ಬೆಸುಗೆ ಹಾಕಿಕೊಳ್ಳುವುದೋ? ಆ ಕಾಲಮ್ಮಿನಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳಿದ್ದವು.

ಕೆಲವು ಅಗ್ಗದ ಪೆಟ್ಟಿಗೆಗಳು ಫ್ಯಾನನ್ನು ಪೂರ್ತಿ ಹಾಕುತ್ತವೆ, ಇಲ್ಲ ಪೂರ್ತಿ ನಿಲ್ಲಿಸುತ್ತವೆ. ಇದ್ದಿಲು ನಿಧಾನದ ಪ್ರಾಣಿ. ಫ್ಯಾನು ನಿಂತ ಮೇಲೂ ಕಾವು ಏರುತ್ತಲೇ ಇರುತ್ತದೆ. ಹಾಗಾಗಿ ಭಾವನಿಗೆ ಪಿಐಡಿಯೇ ಬೇಕು. ಪಿಐಡಿ ಅಂದರೇನು ಎಂದು ಕೇಳುವ ತಪ್ಪು ನಾನು ಮಾಡಿದೆ.

“ನೋಡು, ಪಿ ಅಂದರೆ ಈಗಿನ ತಪ್ಪಿಗೆ ಈಗಲೇ, ಎಷ್ಟು ತಪ್ಪೋ ಅಷ್ಟೇ ಬೈಯೋದು. ಐ ಅಂದರೆ ಹಳೇ ತಪ್ಪುಗಳನ್ನೆಲ್ಲ ಕೂಡಿಟ್ಟುಕೊಂಡು ಬೈಯೋದು. ಡಿ ಅಂದರೆ ಹೀಗೇ ಹೋದರೆ ಮುಂದೇನು ತಪ್ಪು ಮಾಡ್ತೀಯ ಅಂತ ಇವತ್ತೇ ಬೈಯೋದು.”

ಒಳಗಿನಿಂದ ಅಕ್ಕನ ದನಿ ಬಂತು: “ಇದಕ್ಕೆ ದುಡ್ಡು ಕೊಟ್ಟು ಯಂತ್ರ ಯಾಕೆ ತರ್ತೀರಿ? ನಾನಿಲ್ವಾ?”

ಭಾವ ಕೇಳಿಸಿಕೊಳ್ಳದವರಂತೆ ಇತಿಹಾಸಕ್ಕೆ ಜಾರಿದರು. 1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಎಂಬ ರಷ್ಯಾ ಮೂಲದ ಎಂಜಿನಿಯರು, ಹಡಗಿನ ಚುಕ್ಕಾಣಿ ಹಿಡಿದವನು ದಾರಿ ತಪ್ಪದಂತೆ ಹೇಗೆ ತಿರುಗಿಸುತ್ತಾನೆ ಎಂಬುದನ್ನು ಗಮನಿಸಿ, ಅದಕ್ಕೆ ಗಣಿತ ಬರೆದನಂತೆ. ಅಮೆರಿಕದ ಯುದ್ಧನೌಕೆಯ ಮೇಲೆ ಅದರ ಪರೀಕ್ಷೆಯೂ ಆಯಿತಂತೆ. “ಯುದ್ಧನೌಕೆಗೆ ಸಾಕಾದದ್ದು ನಮ್ಮ ಹಂದಿ ತುಂಡಿಗೆ ಸಾಕಾಗಲ್ವಾ?” ಎಂದು ನನ್ನನ್ನೇ ಕೇಳಿದರು. ಸಾಕಾಗಬಹುದು ಅಂದೆ. “ಅಷ್ಟು ಸುಲಭ ಅಲ್ಲ” ಎಂದು ಇನ್ನೊಂದು ಕಾಲಮ್ಮು ತೆರೆದರು.

ಹಂದಿ ತುಂಡು ಏಕೆಂದರೆ, ಟೆಕ್ಸಾಸಿನ ಹೆಮ್ಮೆ ಬ್ರಿಸ್ಕೆಟ್, ದನದ ಎದೆಭಾಗ. ಆಸ್ಟಿನ್ನಿನ ಫ್ರಾಂಕ್ಲಿನ್ ಬಾರ್ಬಿಕ್ಯೂನ ಮುಂದೆ ಅದಕ್ಕಾಗಿ ಜನ ಬೆಳಗಿನಿಂದಲೇ ಕುರ್ಚಿ ಹಾಕಿಕೊಂಡು ಕ್ಯೂ ನಿಲ್ಲುತ್ತಾರೆ. ಅದು ತಮ್ಮ ಮನೆಯ ಹೊಸಲು ದಾಟಕೂಡದೆಂದು ಅಕ್ಕನ ಕಟ್ಟಪ್ಪಣೆ. ಭಾವ ಕೊಡಗಿನ ಪಕ್ಕದ ಪಿರಿಯಾಪಟ್ಟಣದವರಾದ್ದರಿಂದ ಹಂದಿಗೆ ಅಡ್ಡಿಯಿಲ್ಲ. ಅದರಲ್ಲೂ ‘ಬಾಸ್ಟನ್ ಬಟ್’ ಎಂಬ ತುಂಡು. ಹೆಸರು ಹಿಂಭಾಗದ್ದು, ಮಾಂಸ ಮುಂಗಾಲಿನ ಭುಜದ್ದು. ಕೋಷ್ಟಕ ಹಾಕದೆ ಹೆಸರಿಟ್ಟರೆ ಹೀಗೇ ಆಗುವುದು ಎಂದು ಭಾವನ ಅಭಿಪ್ರಾಯ.

“ನನ್ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಆರೋದರೊಳಗೆ ಒಪ್ಕೊಂಡಿದ್ದರು” ಎಂದಳು ಅಕ್ಕ. “ಆಗ ಹೋಲಿಸೋಕೆ ಬೇರೆ ಇರಲಿಲ್ಲವಲ್ಲ” ಎಂದರು ಭಾವ. ಆ ರಾತ್ರಿ ನಾವು ಮೂವರೂ ಮೊಸರನ್ನ ಉಂಡೆವು.

ಹೀಗೆ ಆರಿಸುತ್ತಲೇ ಇರುವವರು ಟೆಕ್ಸಾಸ್‌ನಲ್ಲೇ ಇರಬೇಕೆಂದಿಲ್ಲ. ನಮ್ಮಲ್ಲೂ ಯುಪಿಎಸ್ ಆರಿಸುತ್ತ ಮೂರು ಬೇಸಿಗೆ ಕತ್ತಲಲ್ಲಿ ಕಳೆದವರಿದ್ದಾರೆ. ಇವರ ಸುಖ ವಸ್ತುವಿನಲ್ಲಿಲ್ಲ. ಕೊಂಡ ದಿನ ಇವರ ಮುಖ ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗಿರುತ್ತದೆ, ಆರಿಸುವುದು ಮುಗಿಯಿತಲ್ಲ! ಭಾವ ಕೊನೆಗೂ ಒಂದನ್ನು ತರಿಸಿದರು. ಅದಾದರೂ ಕೋಷ್ಟಕದಿಂದಲ್ಲ, ಅಪ್ಪ ಬರುತ್ತಾರೆ ಎಂಬ ಸುದ್ದಿಯಿಂದ.

ಭಾವನ ಅಪ್ಪ, ಅಂದರೆ ನಮ್ಮ ಬೀಗರು, ವರ್ಜೀನಿಯಾ ತಂಬಾಕು ಬೆಳೆಗಾರರು. ಹುಣಸೂರು ಪಿರಿಯಾಪಟ್ಟಣದ ಕಡೆ ಹೋದವರು ಹೊಲದ ನಡುವೆ ಎತ್ತರದ ಗೋಡೆಯ, ಕಿಟಕಿಯಿಲ್ಲದ ಮನೆಗಳನ್ನು ನೋಡಿರುತ್ತೀರಿ. ಅದು ಬ್ಯಾರನ್. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ, ಕೊಳವೆಗಳ ಮೂಲಕ ಒಳಗೆ ಕಾವು ಹಾಯಿಸಿ ‘ಬೇಯಿಸುತ್ತಾರೆ’. ಮೊದಲು ತೊಂಬತ್ತು ನೂರು ಡಿಗ್ರಿಯಲ್ಲಿ ಸೊಪ್ಪು ಹಳದಿಯಾಗಬೇಕು, ಆಮೇಲೆ ಮೆಲ್ಲಗೆ ಏರಿಸಬೇಕು, ಕೊನೆಗೆ ದಂಟು ಒಣಗಲು 160. ಎಲ್ಲವೂ ಫ್ಯಾರನ್‌ಹೀಟಿನಲ್ಲೇ. ಅವಸರ ಮಾಡಿದರೆ ಸೊಪ್ಪಿನಲ್ಲಿ ಹಸಿರು ನಿಂತುಬಿಡುತ್ತದೆ, ತಡಮಾಡಿದರೆ ಕಂದಾಗುತ್ತದೆ. ಎರಡಕ್ಕೂ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಐದಾರು ದಿನ, ಹಗಲೂ ರಾತ್ರಿ ಒಬ್ಬರು ಎದ್ದಿರಲೇಬೇಕು. ಭಾವ ಓದಿದ್ದು ಬ್ಯಾರನ್ ಒಲೆಯ ಮುಂದೆ. ನಿದ್ದೆಗೆಡುವ ಕಸುಬು ಬೇಡವೆಂದೇ ಸಾಫ್ಟ್‌ವೇರಿಗೆ ಸೇರಿ ಸಮುದ್ರ ದಾಟಿದ್ದು.

ಬೀಗರು ಹಿತ್ತಲಿಗೆ ಬಂದು ಡ್ರಮ್ಮಿಗೆ ಒಂದು ಸುತ್ತು ಬಂದರು.

“ಏನ್ಲಾ ಮಗ, ಇಲ್ಲೂ ಬ್ಯಾರನ್ ಕಟ್ಕಂಡಿದ್ದೀಯಾ?”

ಭಾವ ಎಂಟು ತಿಂಗಳ ವಿದ್ಯೆಯನ್ನೆಲ್ಲ ಹೇಳಿದರು. ಬೀಗರು ಕೊನೆಯವರೆಗೂ ಕೇಳಿ, ಮುಚ್ಚಳದ ಅಂಚಿಗೆ ಕೈಯೊಡ್ಡಿ, “ಇಲ್ಲಿಂದೆಲ್ಲ ಗಾಳಿ ಹೋಯ್ತಾ ಅದಲ್ಲ” ಎಂದರು. ಮೂವತ್ತೊಂದು ಕಾಲಮ್ಮಿನಲ್ಲಿ ಈ ಕಾಲಮ್ಮು ಇರಲಿಲ್ಲ. ಫ್ಯಾನು ಬೆಂಕಿಯನ್ನು ಎಬ್ಬಿಸಬಲ್ಲದು, ಮಲಗಿಸಲಾರದು. ಸಂದಿನಿಂದ ಗಾಳಿ ನುಗ್ಗಿದರೆ ಎಂಥ ಪಿಐಡಿಯೂ ಕೈಕಟ್ಟಿ ಕೂರಬೇಕಾಗುತ್ತದೆ. “ಬ್ಯಾರನ್ ಗ್ವಾಡೆ ಬಿರುಕು ಬಿಟ್ರೆ ಮಣ್ಣು ಮೆತ್ತುತಿದ್ವಿ. ಇಲ್ಲಿ ಏನೈತೆ?” ಎಂದು ಸೊಸೆಯನ್ನು ಕೇಳಿ, ಹಿಂದಿನ ರಾತ್ರಿಯ ತಂಗಳು ಮುದ್ದೆ ತರಿಸಿ, ನಾದಿ, ಮುಚ್ಚಳದ ಸುತ್ತ ಒತ್ತಿದರು. ಇದ್ದಿಲನ್ನೂ ಪೂರ್ತಿ ಹೊತ್ತಿಸಲು ಬಿಡಲಿಲ್ಲ. ಹತ್ತು ಹನ್ನೆರಡು ಕೆಂಡ ಮಾತ್ರ ಮೇಲೆ ಹಾಕಿಸಿದರು. ರಾತ್ರಿ ಒಂಬತ್ತಕ್ಕೆ ಎಂಟು ಪೌಂಡಿನ ಬಟ್ ಒಳಗೆ ಕೂತಿತು. ಫ್ಯಾನು ಗುಂಯ್ ಎಂದಿತು, ನಿಂತಿತು, ಮತ್ತೆ ಗುಂಯ್ ಎಂದಿತು. ಬೀಗರು ಅದರ ಮುಂದೆ ಹತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತರು.

ಈಗ ಹಿರಿಯರು ಯಂತ್ರವನ್ನು ಹಳಿಯುತ್ತಾರೆ, ಹಳೆಯ ಕಾಲವನ್ನು ಹೊಗಳುತ್ತಾರೆ ಎಂದು ನಾನು ಕಾದೆ.

“ಇದು ಅವತ್ತೇ ಇದ್ದಿದ್ರೆ ನಿಮ್ಮವ್ವ ಅಷ್ಟು ವರ್ಸ ನಿದ್ದೆಗೆಡೋದು ತಪ್ತಿತ್ತು” ಎಂದರು ಬೀಗರು. ಎದ್ದು ಪಂಚೆ ಕೊಡವಿಕೊಂಡು ಒಳಗೆ ಹೋದರು. ಐದು ನಿಮಿಷದಲ್ಲಿ ಗೊರಕೆ ಕೇಳಿಸಿತು.

ಭಾವ ಮಲಗಲಿಲ್ಲ. ಫೋನಿನಲ್ಲಿ ಶಾಖದ ಗೆರೆ ಓಡುತ್ತಿತ್ತು, ಅದರ ಹಿಂದೆ ಭಾವನ ಕಣ್ಣು ಓಡುತ್ತಿತ್ತು. ಮಾಂಸದ ಒಳಶಾಖ 160ರ ಹತ್ತಿರ ಬಂದು ಗಂಟೆಗಟ್ಟಲೆ ನಿಂತುಬಿಡುತ್ತದೆ, ಒಳಗಿನ ನೀರು ಆವಿಯಾಗಿ ಮಾಂಸವನ್ನು ತಣಿಸುವುದೇ ಕಾರಣ, ಇದಕ್ಕೆ ‘ಸ್ಟಾಲ್’ ಎನ್ನುತ್ತಾರೆ, ಹೆದರಬಾರದು ಎಂದು ಸಂಜೆ ನಮಗೆ ಮೂರು ಸಲ ಪಾಠ ಹೇಳಿದ್ದರು. ರಾತ್ರಿ ಎರಡಕ್ಕೆ ಅದು 158ರಲ್ಲಿ ನಿಂತಿತು. ಭಾವ ಹೆದರಿದರು. ಮುದ್ದೆ ಕಿತ್ತು ಮುಚ್ಚಳ ತೆಗೆದು ಇನ್ನೂ ಎರಡು ಥರ್ಮಾಮೀಟರ್ ಚುಚ್ಚಿದರು. ಶಾಖ ದಿಢೀರನೆ ಬಿದ್ದದ್ದನ್ನು ನೋಡಿ ಕಂಟ್ರೋಲರು, ಮುಚ್ಚಳ ತೆರೆದಿದ್ದಾರೆಂದು ತಾನೇ ಅರಿತು, ಫ್ಯಾನು ನಿಲ್ಲಿಸಿ ಸುಮ್ಮನಾಯಿತು. ಆ ಹೊತ್ತಿನಲ್ಲಿ ಹಿತ್ತಲಲ್ಲಿ ತಾಳ್ಮೆಯಿದ್ದದ್ದು ಅದಕ್ಕೊಂದಕ್ಕೇ. ಮೂರೂಕಾಲಿಗೆ ಡ್ರಮ್ಮಿನ ಶಾಖ 231 ಮುಟ್ಟಿ ಅಲಾರಂ ಹೊಡೆಯಿತು. ಎಚ್ಚರಾದದ್ದು ಅಕ್ಕನಿಗೆ, ನನಗೆ, ಪಕ್ಕದ ಮನೆಯ ನಾಯಿಗೆ. ಬೀಗರಿಗಲ್ಲ.

ಬೆಳಿಗ್ಗೆ ಹತ್ತೂವರೆಗೆ ಮಾಂಸ 203 ಡಿಗ್ರಿಗೆ ಬಂತು. ಒಂದು ಗಂಟೆ ಟವೆಲಿನಲ್ಲಿ ಸುತ್ತಿಟ್ಟು ತೆಗೆದರೆ ಮೂಳೆ ತಾನಾಗಿ ಕೈಗೆ ಬಂತು. ಬೀಗರು ಎರಡು ಸಲ ಹಾಕಿಸಿಕೊಂಡು, ನಿಂಬೆಹಣ್ಣು ಹಿಂಡಿ, “ಖಾರ ಸಾಲದು, ಬೆಂದದ್ದು ಚೆಂದಾಗದೆ” ಎಂದು ತೀರ್ಪು ಕೊಟ್ಟರು. ಕೆಂಗಣ್ಣಿನ ಭಾವ ಒಂದು ತುಂಡು ಬಾಯಿಗಿಟ್ಟು, “ಮೂರೂಕಾಲಿಗೆ ಆರು ಡಿಗ್ರಿ ಹೆಚ್ಚಾಗಿತ್ತು” ಎಂದರು.

ಹೊರಡುವ ದಿನ ಬೀಗರು ಮಗನಿಗೆ ಒಂದೇ ಮಾತು ಹೇಳಿದರು: “ಬ್ಯಾರನ್ ಒಲೆಗೆ ಆಗೋ ಅಂಥದ್ದೊಂದು ನೋಡ್ಲಾ ಮಗ. ಜುಲೈಗೆ ಸೊಪ್ಪು ಮುರಿಯಕ್ಕೆ ಬತ್ತದೆ.” ಭಾವನ ಮುಖ ಬೆಳಗಿತು. ಅಂದೇ ಹೊಸ ಕೋಷ್ಟಕ ತೆರೆದರು.

ಜುಲೈ ಬಂತು. ಆಗಸ್ಟಿನಲ್ಲಿ ನಾನು ಪಿರಿಯಾಪಟ್ಟಣಕ್ಕೆ ಹೋಗಿದ್ದೆ. ರಾತ್ರಿ ಹನ್ನೊಂದರ ಮೇಲಾಗಿತ್ತು. ಬೀಗರು ಬ್ಯಾರನ್ ಮುಂದೆ ಕಂಬಳಿ ಹೊದ್ದು ಕೂತು ಒಲೆಗೆ ಸೌದೆ ಒಟ್ಟುತ್ತಿದ್ದರು. ಕಂಟ್ರೋಲರ್ ಏನಾಯಿತು ಎಂದು ಕೇಳಿದೆ.

“ಇನ್ನೂ ಆರಿಸ್ತಾ ಅವ್ನೆ” ಎಂದರು.