ಅರಿಶಿನ, ಕುಂಕುಮ, ವಿಭೂತಿ

ತೋವಿನಕೆರೆಯ ನಮ್ಮ ದೊಡ್ಡಪ್ಪನ ಮನೆ ಟಿವಿ ಗೋಡೆಗೆ ಕ್ಯಾಲೆಂಡರಿನ ಹಾಗೆ ನೇತುಹಾಕೋ ಜಾತಿಯದಲ್ಲ. ಎತ್ತಬೇಕಾದರೆ ರಾಗಿ ಮೂಟೆ ಹೊತ್ತು ರೂಢಿಯಿರೋ ಇಬ್ಬರು ಬೇಕು. "ಹೊಸದು ತಗೊಳ್ಳಿ ದೊಡ್ಡಪ್ಪ" ಅಂದ್ರೆ, "ಯಾಕ್ಲಾ, ಇದು ಕೆಟ್ಟೈತಾ?" ಅಂತಾರೆ. ಕೆಟ್ಟಿಲ್ಲ, ಅದೇ ತೊಂದರೆ.

ಮೊಮ್ಮಗಳ ಮದುವೆ ವಿಡಿಯೊ ಲ್ಯಾಪ್‌ಟಾಪಿನಲ್ಲಿತ್ತು. ಟಿವೀಲಿ ನೋಡಬೇಕು ಅಂತ ದೊಡ್ಡಮ್ಮನ ಆಸೆ. ನಾನು ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂರೋನು. ಬರಲ್ಲ ಅನ್ನೋಕೆ ಮರ್ಯಾದೆ ಅಡ್ಡ ಬಂತು.

ತುಮಕೂರಿಗೆ ಹೋಗಿ, ಒಂದು ತುದೀಲಿ ಎಚ್‌ಡಿಎಂಐ, ಇನ್ನೊಂದು ತುದೀಲಿ ಮೂರು ಬಣ್ಣದ ಎವಿ ಪಿನ್ನಿರೋ ವೈರ್ ತಂದೆ. ಪಿನ್ನು ನೋಡಿದ್ದೇ ದೊಡ್ಡಮ್ಮ, "ಅರಿಶಿನ, ಕುಂಕುಮ, ವಿಭೂತಿ!" ಅಂದ್ರು. ಇಂಜಿನಿಯರುಗಳೂ ಇಷ್ಟು ಚೆನ್ನಾಗಿ ಹೇಳಿಲ್ಲ: ಅರಿಶಿನದ್ದು ಚಿತ್ರ, ಕುಂಕುಮ ಬಲಗಿವಿ, ವಿಭೂತಿ ಎಡಗಿವಿ.

ಎರಡು ತುದೀನೂ ಗಟ್ಟಿಯಾಗಿ ಕೂತವು. ಚಿತ್ರ ಬರಲಿಲ್ಲ. ಲ್ಯಾಪ್‌ಟಾಪ್ ಆಡೋದು ಡಿಜಿಟಲ್ ಮಾತು, ಟಿವಿಗೆ ತಿಳಿಯೋದು ಅನಲಾಗ್. ಎಚ್‌ಡಿಎಂಐ ಅನ್ನೋದು 2002ರ ಕೊನೆಗೆ ಹುಟ್ಟಿದ ಕೂಸು, ಟಿವಿ ಅದಕ್ಕಿಂತ ಹಿರೀಕ. ನಡುವೆ ದುಭಾಷಿ ಬೇಕು. ಬರೀ ತಂತಿಗೆ ಆ ವಿದ್ಯೆ ಎಲ್ಲಿಂದ ಬರಬೇಕು?

ಮತ್ತೆ ತುಮಕೂರು. ಈ ಸಲ ಕನ್ವರ್ಟರ್ ಡಬ್ಬಿ. ಅದೂ ಸುಮ್ಮನೆ ಕೂತಿತು. ಕನ್ನಡಕ ಹಾಕ್ಕೊಂಡು ನೋಡಿದರೆ, ಡಬ್ಬಿ ಮೇಲೆ "ಎವಿ ಟು ಎಚ್‌ಡಿಎಂಐ" ಅಂತಿದೆ. ನನಗೆ ಬೇಕಿದ್ದದ್ದು "ಎಚ್‌ಡಿಎಂಐ ಟು ಎವಿ". ಹೆಸರಲ್ಲಿ ಒಳಗೆ ಬರೋದು ಮೊದಲು, ಹೊರಗೆ ಹೋಗೋದು ಆಮೇಲೆ. ಸಿರಾ ಬಸ್ಸು ಹತ್ತಿ ಮಧುಗಿರಿ ಯಾವಾಗ ಬರುತ್ತೆ ಅಂದ ಹಾಗಾಯ್ತು ನನ್ನ ಕತೆ.

ಮೂರನೇ ಸಲ ಸರಿಯಾದ ಡಬ್ಬಿ ಸಿಕ್ತು. ಅದಕ್ಕೆ ಕರೆಂಟೂ ಬೇಕು. ಮೊಬೈಲ್ ಚಾರ್ಜರ್ ಸಿಕ್ಕಿಸಿದೆ. ಚಿತ್ರ ಬಂತು, ಆದರೆ ಕಪ್ಪುಬಿಳುಪು! "ಧಾರೆ ಸೀರೆ ಬಣ್ಣ ಎಲ್ಲೋಯ್ತೋ?" ಅಂತ ದೊಡ್ಡಮ್ಮ ಗಾಬರಿಯಾದ್ರು. ಡಬ್ಬಿ ಪಕ್ಕದ ಪುಟ್ಟ ಸ್ವಿಚ್ಚು ಅಮೆರಿಕದ ಎನ್‌ಟಿಎಸ್‌ಸಿ ಕಡೆಗಿತ್ತು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ನಮ್ಮ ದೂರದರ್ಶನಕ್ಕೆ ಬಣ್ಣ ಬಂದಿದ್ದು ಪಾಲ್ ಪದ್ಧತೀಲಿ. "ಪಾಲ್‌ಗೆ ತಿರುಗಿಸಬೇಕಿತ್ತು" ಅಂದೆ. ಪಾವಗಡದಿಂದ ಬಂದಿದ್ದ ನಮ್ಮತ್ತೆಗೆ ತೆಲುಗೇ ಮೊದಲು. "ಪಾಲಾ? ಈಗ್ತಾನೆ ಕಾಸಿಟ್ಟೆ" ಅಂತ ಹಾಲು ತರೋಕೆ ಎದ್ದರು.

ಬಣ್ಣ ಬಂತು. ಅಗಲದ ಚಿತ್ರ ಚೌಕದ ಪರದೇಲಿ ಹಿಂಡಿಕೊಂಡಿದ್ದಕ್ಕೆ ಎಲ್ಲರೂ ಸಣ್ಣಗೆ, ಉದ್ದಕ್ಕೆ ಕಂಡ್ರು. ಹೆಸರು ಬರೆದದ್ದೊಂದೂ ಓದೋಕಾಗಲ್ಲ. ದೊಡ್ಡಪ್ಪ ಮಾತ್ರ ತಮ್ಮ ಹೊಟ್ಟೆ ಕರಗಿದ್ದು ನೋಡಿ, "ನೋಡ್ದಾ, ಹಳೇ ಟಿವೀನೇ ವಾಸಿ" ಅಂದ್ರು.

ಅಂಗಡಿಗೆ ಹೋಗೋ ಮುಂಚೆ ನೀವಾದರೂ ಟಿವಿ ಬೆನ್ನಿನ ಫೋಟೊ ತೆಗೆದುಕೊಂಡು ಹೋಗಿ. ನಾನು ತಂದ ತಪ್ಪು ಡಬ್ಬಿ ಇನ್ನೂ ದೊಡ್ಡಪ್ಪನ ಮನೇಲೇ ಇದೆ. ಹೊಸ ಟಿವಿಗೆ ಹಳೇ ವಿಸಿಡಿ ಪ್ಲೇಯರ್ ಹಾಕೋರಿಗೆ ಅದೇ ಸರಿ. ಬೇಕಾದವರು ತೋವಿನಕೆರೆಗೆ ಬಂದು ತಗೊಂಡು ಹೋಗಿ.