ಪೀಕ್ ರಾಯರು

ಅಮೆರಿಕದ ಈಶಾನ್ಯ ಮೂಲೆಯಲ್ಲಿ ನೆಲೆಸಿದ ಕನ್ನಡಿಗರ ಪ್ರತಿ ಬಳಗದಲ್ಲೂ ಒಬ್ಬರು ಪೀಕ್ ರಾಯರು ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ. ಸೆಪ್ಟೆಂಬರ್ ಕಳೆದ ಮೇಲೆ ಅದು ಯಾರಿಗೂ ನೆನಪಿರುವುದಿಲ್ಲ. ವರ್ಷದ ಉಳಿದ ಕಾಲದಲ್ಲಿ ಸಾಧು ಪ್ರಾಣಿ. ಆಫೀಸು, ಮಗಳ ಭರತನಾಟ್ಯದ ಕ್ಲಾಸು, ಶನಿವಾರ ಇಂಡಿಯನ್ ಸ್ಟೋರಿನಲ್ಲಿ ಹುರುಳಿಕಾಯಿ ಆರಿಸುವುದು. ಎಲೆ ಬಣ್ಣ ತಿರುಗಲು ಶುರುವಾಯಿತೋ, ಮೈಮೇಲೆ ಬಂದುಬಿಡುತ್ತದೆ. "ಮನೇಲೆಲ್ಲ ಹೇಗಿದೀರಿ?" ಎಂದು ಕೇಳಿದರೆ, "ವರ್ಮಾಂಟಲ್ಲಿ ಅರವತ್ತು ಪರ್ಸೆಂಟು, ಇನ್ನೂ ಏರ್ತಾ ಇದೆ" ಎಂದು ಉತ್ತರ ಬರುತ್ತದೆ.

ಎಲೆ ನೋಡುವುದು ಬೇರೆ, ಪೀಕ್, ಅಂದರೆ ಬಣ್ಣ ತುತ್ತತುದಿ ಮುಟ್ಟಿದ ಗಳಿಗೆ, ನೋಡುವುದು ಬೇರೆ ಎಂಬುದು ಅವರ ಮತ. ಮೊದಲನೆಯದನ್ನು ಯಾರು ಬೇಕಾದರೂ ಮಾಡಬಹುದು. ಎರಡನೆಯದಕ್ಕೆ ಸಾಧನೆ ಬೇಕು. ಯಾವ ವಲಯದಲ್ಲಿ ಎಷ್ಟು ಬಣ್ಣ ಬಂದಿದೆ ಎಂದು ಮೇನ್ ರಾಜ್ಯದ ಅರಣ್ಯದವರು ವಾರಕ್ಕೊಮ್ಮೆ ವರದಿ ಹೊರಡಿಸುತ್ತಾರೆ. ಪಂಚಾಂಗ ನೋಡದ ರಾಯರು ಆ ವರದಿ ನೋಡದೆ ಕಾರಿಗೆ ಪೆಟ್ರೋಲ್ ಹಾಕಿಸುವುದಿಲ್ಲ.

ನಾನು ಹತ್ತಿರದಿಂದ ಬಲ್ಲ ರಾಯರು ಬಾಸ್ಟನ್ ಕಡೆಯವರು, ಮೂಲ ತೀರ್ಥಹಳ್ಳಿ ಸೀಮೆ. ಕಳೆದ ಅಕ್ಟೋಬರಿನ ಲಾಂಗ್ ವೀಕೆಂಡಿಗೆ ಅವರು ನಮ್ಮದೂ ಸೇರಿ ಎರಡು ಸಂಸಾರಗಳನ್ನು ಹೊರಡಿಸಿದ್ದು ಮೇನ್ ಕರಾವಳಿಯ ಅಕೇಡಿಯ ನ್ಯಾಷನಲ್ ಪಾರ್ಕಿಗೆ. ಕಡಲು ಬೇಸಿಗೆಯ ಕಾವನ್ನು ಬೇಗ ಬಿಟ್ಟುಕೊಡುವುದಿಲ್ಲವಾದ್ದರಿಂದ ಒಳನಾಡಿನ ಗುಡ್ಡಗಳಲ್ಲಿ ಎಲೆ ಉದುರುವ ಹೊತ್ತಿಗೆ ದಂಡೆಯಲ್ಲಿ ಬಣ್ಣ ಏರುತ್ತಿರುತ್ತದಂತೆ. ಐದು ಗಂಟೆಯ ದಾರಿ. ಊರಿಂದ ಬಂದಿದ್ದ ರಾಯರ ತಾಯಿ ಮುಂದಿನ ಸೀಟಿನಲ್ಲಿದ್ದರು. ಪಾಠ ನಡೆದದ್ದು ಅವರಿಗೆ.

"ಹಳದಿ ಎಲೆಯೊಳಗೆ ಮೊದಲಿಂದಲೂ ಇರತ್ತಮ್ಮ. ಹಸಿರು ಇಳಿದ ಮೇಲೆ ಕಾಣಿಸ್ಕೊಳ್ಳತ್ತೆ ಅಷ್ಟೆ. ಕೆಂಪು ಹಾಗಲ್ಲ, ಮರ ಹೊಸದಾಗಿ ತಯಾರು ಮಾಡ್ಬೇಕು. ಹಗಲು ಒಳ್ಳೆ ಬಿಸಿಲು, ರಾತ್ರಿ ಚಳಿ, ಎರಡೂ ಇದ್ರೇನೇ."

"ನಮ್ಮನೆ ಮಾವಿನ ಚಿಗುರು ಕೆಂಪಗಿರತ್ತಲ್ಲೋ, ಅದಕ್ಯಾರು ಚಳಿ ಕೊಟ್ಟಿದ್ರು?" ಎಂದರು ತಾಯಿ.

ರಾಯರು ಕಾರಿನ ರೇಡಿಯೋ ಹಾಕಿದರು. ಎರಡೂ ಕಡೆ ಕೆಂಪು ಕೊಡುವುದು ಆಂಥೋಸಯನಿನ್ ಎಂಬ ಒಂದೇ ಜಾತಿಯ ವಸ್ತು ಎಂಬುದನ್ನು ನಾನು ಹೇಳಬಹುದಿತ್ತು. ಹೇಳಿದ್ದರೆ ಇನ್ನೂ ಒಂದು ಗಂಟೆ ಪಾಠ ಕೇಳಬೇಕಾಗುತ್ತಿತ್ತು.

ಅಲ್ಲಿನ ಕ್ಯಾಡಿಲಾಕ್ ಬೆಟ್ಟ 1,530 ಅಡಿ. ಕೊಡಚಾದ್ರಿ ಹತ್ತಿದವರು ಇದನ್ನು ಬೆಟ್ಟ ಎನ್ನಲು ಹಿಂದೆಮುಂದೆ ನೋಡುತ್ತಾರೆ. ಆದರೆ ಅಮೆರಿಕದ ಅಟ್ಲಾಂಟಿಕ್ ದಂಡೆಗೆಲ್ಲ ಇದೇ ಎತ್ತರ. ಅಕ್ಟೋಬರ್ 7ರಿಂದ ಮಾರ್ಚ್ 6ರವರೆಗೆ ದೇಶದ ಮೊದಲ ಸೂರ್ಯೋದಯ ಕಾಣುವುದು ಇಲ್ಲಿಂದ ಎಂಬ ಖ್ಯಾತಿ ಬೇರೆ. ಹಾಗಾಗಿ 2021ರಿಂದ ಸೀಸನ್ನಿನಲ್ಲಿ ಕಾರು ಮೇಲೆ ಹೋಗಬೇಕಾದರೆ ಆರು ಡಾಲರ್ ಕೊಟ್ಟು ಮುಂಗಡ ಚೀಟಿ ತೆಗೆದುಕೊಳ್ಳಬೇಕು. ಚೀಟಿಗಳ ದೊಡ್ಡ ಪಾಲು ಬಿಡುಗಡೆಯಾಗುವುದು ಎರಡು ದಿನ ಮೊದಲು, ಬೆಳಿಗ್ಗೆ ಹತ್ತಕ್ಕೆ. ಹತ್ತು ಗಂಟೆಯ ತತ್ಕಾಲ್ ಬುಕಿಂಗಿನಲ್ಲಿ ಪಳಗಿದ ಕೈಗೆ ಅಮೆರಿಕನ್ನರು ಯಾವ ಲೆಕ್ಕ? ಆಫೀಸಿನ ಮೀಟಿಂಗಿನಲ್ಲಿ ಕೂತೇ ರಾಯರು ಎರಡು ಕಾರಿಗೂ ಚೀಟಿ ಹೊಡೆದರು. ಆ ವಾರ ಅವರು ನಡೆದಾಡಿದ ಠೀವಿಯನ್ನು ಪ್ರಮೋಷನ್ ಬಂದಾಗಲೂ ನಾನು ಕಂಡಿರಲಿಲ್ಲ.

ಬೆಳಗಿನ ಜಾವ ನಾಲ್ಕೂವರೆಗೆ ಎಲ್ಲರನ್ನೂ ಎಬ್ಬಿಸಿದರು. ಶಿಖರದ ಬಂಡೆಗಳ ಮೇಲೆ ಜನ ಕಂಬಳಿ ಹೊದ್ದು ಸಾಲಾಗಿ ಕೂತಿದ್ದರು. ಕಡಲ ಕಡೆಯಿಂದ ಮಂಜು ಎದ್ದು ಬಂತು. ಕೆಳಗಿನ ಕೊಲ್ಲಿ, ಅದರೊಳಗಿನ ಪುಟ್ಟ ದ್ವೀಪಗಳು, ಕೊನೆಗೆ ಪಕ್ಕದಲ್ಲಿ ನಿಂತ ರಾಯರು, ಎಲ್ಲವೂ ಮಾಯ. ಸೂರ್ಯ ಹುಟ್ಟಿದ ಎಂಬುದು ಫೋನಿನ ಗಡಿಯಾರದಿಂದ ಗೊತ್ತಾಯಿತು. "ದೇಶಕ್ಕೇ ಮೊದಲು ಮಂಜು ನೋಡಿದೋರು ನಾವೇ ಅಲ್ವೇನ್ರೀ?" ಎಂದು ರಾಯರ ಹೆಂಡತಿ ಪುಳಿಯೋಗರೆಯ ಡಬ್ಬಿ ಬಿಚ್ಚಿದರು. ಮಂಜಿನೊಳಗಿಂದ ಕೈಗಳು ಮಾತ್ರ ಚಾಚಿ ಬಂದವು.

ಆಮೇಲೆ ಪಾರ್ಕ್ ಲೂಪ್ ರೋಡು. 27 ಮೈಲಿಯ ದಾರಿ, ಒಂದು ದೊಡ್ಡ ಭಾಗ ಒನ್‌ವೇ. ರಾಯರ ಸ್ವಭಾವಕ್ಕೆ ಒನ್‌ವೇ ಆಗಿಬರುವುದಿಲ್ಲ. ಕಣ್ಣು ಕುಕ್ಕುವಂಥ ಮೇಪಲ್ ಎದುರಾದಾಗ ಮಕ್ಕಳು "ನಿಲ್ಸಪ್ಪಾ" ಎಂದರೆ, "ಇದು ಎಂಬತ್ತು ಪರ್ಸೆಂಟು, ಮುಂದೆ ಇದರಪ್ಪನಂಥದ್ದು ಇದೆ" ಎನ್ನುತ್ತಾರೆ. ಮುಂದೆ ಸಿಗುವುದು ಬರೀ ಸ್ಪ್ರೂಸ್, ಕಡುಹಸಿರು. ಹಿಂದಿರುಗುವ ಹಾಗಿಲ್ಲ. ಇಡೀ ಸುತ್ತು ಹಾಕಿ ಬರುವಷ್ಟರಲ್ಲಿ ಅದೇ ಮೇಪಲ್ಲಿನ ಕೆಳಗೆ ಬೇರೆ ಯಾರೋ ನಿಶ್ಚಿತಾರ್ಥದ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ.

ಅಂತೂ ಒಂದು ಕಡೆ ಇಳಿದೆವು. ಬಿಳಿ ತೊಗಟೆಯ ಬರ್ಚ್ ಮರಗಳ ತೋಪು, ನೆತ್ತಿಯ ತುಂಬ ಹಳದಿ. ಇಲ್ಲಿ ರಾಯರು ಹೇಳಿದ ಕಥೆ ಮಾತ್ರ ಚೆನ್ನಾಗಿತ್ತು. 1947ರ ಅಕ್ಟೋಬರಿನಲ್ಲಿ ಪಾರ್ಕಿರುವ ಈ ದ್ವೀಪಕ್ಕೆ ಬೆಂಕಿ ಬಿದ್ದು 17,000 ಎಕರೆಗೂ ಹೆಚ್ಚು ಸುಟ್ಟುಹೋಯಿತು. ಶ್ರೀಮಂತರ ಬೇಸಿಗೆ ಬಂಗಲೆಗಳೂ ಉಳಿಯಲಿಲ್ಲ. ಹಳೆಯ ಸ್ಪ್ರೂಸ್, ಫರ್ ಕಾಡು ಬೂದಿಯಾದ ಜಾಗದಲ್ಲಿ ಬರ್ಚ್, ಆಸ್ಪೆನ್ ಎದ್ದವು. ಈಗ ಜನ ಮುಗಿಬಿದ್ದು ನೋಡುವ ಬಣ್ಣದಲ್ಲಿ ಒಂದು ದೊಡ್ಡ ಪಾಲು ಆ ಬೆಂಕಿಯ ಕೊಡುಗೆ. ಇಷ್ಟು ಹೇಳಿದವರು ಅಲ್ಲಿಗೇ ನಿಲ್ಲಿಸಬಾರದೆ? ಫೋಟೋ ಪರ್ವ ಶುರುವಾಯಿತು. ಹೆಂಡತಿಯ ಕೆಂಪು ಸ್ವೆಟರ್ ಬಿಚ್ಚಿಸಿದರು, ಎಲೆಯೊಂದಿಗೆ ಕಲಸಿಹೋಗುತ್ತದೆಂದು. ಚಳಿಯಲ್ಲಿ ನಡುಗುತ್ತಿದ್ದವರಿಗೆ "ಸ್ವಲ್ಪ ನ್ಯಾಚುರಲ್ಲಾಗಿ ನಗು" ಎಂಬ ಸೂಚನೆ. ಮಕ್ಕಳು ತರಗೆಲೆ ಬಾಚಿ ತೂರಬೇಕು. ಎಲೆ ಗಾಳಿಯಲ್ಲಿರುವಾಗ ಎಲ್ಲರ ಕಣ್ಣೂ ತೆರೆದಿರಬೇಕು. ಕಿರಿಯವನ ಬಾಯಿಗೆ ಎಲೆ ಹೊಕ್ಕು ಅವನು ಅಳಲು ಶುರುಮಾಡಿದ ಮೇಲೆ ಈ ಪರ್ವ ಮುಗಿಯಿತು.

ಇಷ್ಟೂ ಹೊತ್ತು ತಾಯಿ ಬೆಂಚಿನ ಮೇಲೆ ಕೂತು ಏನೋ ಮಾಡುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಉದುರಿದ ಮೇಪಲ್ ಎಲೆಗಳಲ್ಲಿ ಅಗಲವಾದವನ್ನೇ ಆರಿಸಿ, ಹೋಟೆಲಿನಿಂದ ತಂದ ಹಲ್ಲುಕಡ್ಡಿಗಳನ್ನು ಮುರಿದು ಚುಚ್ಚಿ, ದೊನ್ನೆ ಹಚ್ಚುತ್ತಿದ್ದರು. ಮುತ್ತುಗದ ಎಲೆ ಹಚ್ಚಿದ ಬೆರಳುಗಳು. ಮಡಿಕೆ ಒಂದೂ ತಪ್ಪಿರಲಿಲ್ಲ. ದೊನ್ನೆಯನ್ನು ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟರು.

"ಐದೈದು ಕಡೆ ಸೀಳಿದೆ. ಸಾರು ನಿಲ್ಲತ್ತಾ ಇದ್ರಲ್ಲಿ? ಇದನ್ನ ನೋಡೋಕೆ ಇಷ್ಟು ದೂರ ಬರ್ತಾರಲ್ಲ ಮಾರಾಯ. ನಮ್ಮಲ್ಲಾಗಿದ್ರೆ ದರಗು ಗುಡಿಸಿ ಕೊಟ್ಟಿಗೆಗೆ ಹಾಕ್ತಿದ್ವಿ."

ರಾಯರಿಗೆ ಇದು ಕೇಳಿಸಲಿಲ್ಲ. ಅವರು ಪಕ್ಕದ ಕಾರಿನ ಬಿಳಿಗಡ್ಡದ ಅಪರಿಚಿತನೊಂದಿಗೆ ಗಹನ ಚರ್ಚೆಯಲ್ಲಿದ್ದರು. ಮರಳಿದಾಗ ಮುಖ ಬಾಡಿತ್ತು. "ಇಲ್ಲಿಯವನೇ ಅಂತೆ. ಪೀಕ್ ಬರೋದು ಮುಂದಿನ ವಾರವಂತೆ."

ಆಮೇಲಿನ ಊಟ, ಪಾಪ್‌ಓವರ್ ಎಂಬ ಅಲ್ಲಿನ ತಿನಿಸು, ಕಡಲ ಬಂಡೆಯ ಸಂದಿನಲ್ಲಿ ಅಲೆ ಗುಡುಗುವ ಥಂಡರ್ ಹೋಲ್, ಯಾವುದೂ ಅವರಿಗೆ ರುಚಿಸಲಿಲ್ಲ. ವಾಟ್ಸಾಪ್ ಗುಂಪಿಗೆ ಫೋಟೋ ಹಾಕುವ ಮೊದಲು ಒಂದಿಷ್ಟು ಕೆಂಪು ಏರಿಸಿದರು. ಕಿರಿಯವನ ಕೆನ್ನೆಯೂ ಅದರ ಜೊತೆಗೇ ಕೆಂಪಾಯಿತು. "ವಾವ್, ಪೀಕ್!" ಎಂದು ಮೆಸೇಜುಗಳು ಬಂದವು. "ತೊಂಬತ್ತು" ಎಂದು ತಿದ್ದಿದರು. ಪ್ರಾಮಾಣಿಕರು, ಅದನ್ನು ಒಪ್ಪಬೇಕು.

ಈ ವರ್ಷ ರಾಯರ ಹೆಂಡತಿ ಯಾರನ್ನೂ ಕೇಳದೆ ಜನವರಿಯಲ್ಲೇ ಅಕ್ಟೋಬರಿಗೆ ಫ್ಲೋರಿಡಾ ಟಿಕೆಟ್ ತೆಗೆದಿದ್ದಾರೆ. ತೆಂಗಿನಮರ, ಮರಳು, ಕಡಲು; ಬಣ್ಣ ತಿರುಗುವ ಎಲೆ ಒಂದೂ ಇಲ್ಲ ಎಂದು ಅವರ ಲೆಕ್ಕ. ಮೊನ್ನೆ ರಾಯರು ಫೋನ್ ಮಾಡಿದ್ದರು. ಅಲ್ಲಿನ ಜೌಗುನೆಲದಲ್ಲಿ ಬಾಲ್ಡ್ ಸೈಪ್ರೆಸ್ ಎಂಬ ಮರವಿದೆಯಂತೆ, ಚಳಿಗಾಲಕ್ಕೆ ಮುನ್ನ ತಾಮ್ರದ ಬಣ್ಣಕ್ಕೆ ತಿರುಗುತ್ತದಂತೆ. ಟಿಕೆಟ್ಟನ್ನು ನವೆಂಬರ್ ಕೊನೆಗೆ ಹಾಕಿಸಲು ಎಷ್ಟು ಖರ್ಚಾಗಬಹುದು ಎಂದು ವಿಚಾರಿಸಿದರು.